ಗಡಿಯಾರಕ್ಕೆ ಎಷ್ಟು ಸುತ್ತು ಸಾಕು?

ವಾಚಕ ಮಿತ್ರರು ಈ ತಲೆಬರಹವನ್ನು ಕಂಡು, "ವಾರ್ಷಿಕ ಸಂಚಿಕೆಗೆ ಬರೆಯಲು ಈತನಿಗೆ ಬೇರೆ ವಿಷಯವೇ ಸಿಗಲಿಲ್ಲವೇ?" ಎಂದು ಮುಗುಳ್ನಗಬಹುದು. ದೇಶದ ಸಮಸ್ಯೆಗಳಿವೆ, ಸಾಹಿತ್ಯದ ಸಮಸ್ಯೆಗಳಿವೆ, ವಿದ್ಯಾರ್ಥಿಗಳಾದ ನಮ್ಮವೇ ನೂರೆಂಟು ಸಮಸ್ಯೆಗಳಿವೆ. ಇವೆಲ್ಲವನ್ನೂ ಬಿಟ್ಟು, ಕೈಗಡಿಯಾರವನ್ನು ತಿರುಗಿಸುವ ಒಂದು ಪೆಟ್ಟಿಗೆಯ ವಿಚಾರವಾಗಿ ಪುಟಗಳನ್ನು ತುಂಬಿಸುವುದು ಉಚಿತವೇ? ಉಚಿತವೆಂದೇ ನನ್ನ ನಂಬಿಕೆ. ಈ ಸಣ್ಣ ವಿಷಯದಲ್ಲಿ ನಾನು ಮಾಡಿದ ತಪ್ಪಿನಿಂದ ನಮ್ಮ ಮನೆಯ ಒಂದು ಅಮೂಲ್ಯ ವಸ್ತು ಕೆಡುವುದರಲ್ಲಿತ್ತು. ಆ ತಪ್ಪನ್ನು ತಿದ್ದಿಕೊಳ್ಳುವಾಗ ಕಲಿತ ಪಾಠ ಗಡಿಯಾರಕ್ಕೆ ಮಾತ್ರ ಸೇರಿದ್ದಲ್ಲವೆಂದು ನನಗೆ ತೋರಿದೆ. ಓದಿ ನೋಡಿ, ಒಪ್ಪುವುದು ಬಿಡುವುದು ತಮಗೆ ಬಿಟ್ಟದ್ದು.

ಮೊದಲು ವಸ್ತುವಿನ ಪರಿಚಯ ಮಾಡಿಕೊಡುತ್ತೇನೆ. ನಮ್ಮಲ್ಲಿ ಅನೇಕರ ಕೈಗೆ ಈಗ ಗಡಿಯಾರವೇ ಇಲ್ಲ. ಹೊತ್ತು ನೋಡಬೇಕಾದರೆ ಜೇಬಿನಿಂದ ಮೊಬೈಲು ತೆಗೆಯುತ್ತೇವೆ. ವಾಚು ಕಟ್ಟುವವರಲ್ಲಿಯೂ ಹೆಚ್ಚಿನವರದು ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ವಾಚು. ಇದಕ್ಕಿಂತ ಹಿಂದಿನದು ನಿತ್ಯವೂ ಬೆಳಿಗ್ಗೆ ತಿರುಪು ತಿರುಗಿಸಿ ಕೀ ಕೊಡಬೇಕಾದ ವಾಚು. ಇವೆರಡೂ ಅಲ್ಲದ ಮೂರನೆಯ ಜಾತಿಯೊಂದುಂಟು. ಅದೇ ಆಟೋಮ್ಯಾಟಿಕ್. ಅದಕ್ಕೆ ಬ್ಯಾಟರಿಯೂ ಬೇಡ, ನಿತ್ಯ ಕೀ ಕೊಡುವ ಶ್ರಮವೂ ಬೇಡ. ಅದರ ಹಿಂಬದಿಯ ಮುಚ್ಚಳದ ಒಳಗೆ ಅರ್ಧಚಂದ್ರಾಕಾರದ ಒಂದು ಲೋಹದ ತೂಕವಿರುತ್ತದೆ. ಇದನ್ನು ರೋಟರು ಎನ್ನುತ್ತಾರೆ. ಕಟ್ಟಿಕೊಂಡವನ ಕೈ ಆಡಿದಂತೆಲ್ಲ ಈ ತೂಕ ಗಿರಗಿರನೆ ತಿರುಗಿ, ಹಲ್ಲುಚಕ್ರಗಳ ಮೂಲಕ ಒಳಗಿನ ಸ್ಪ್ರಿಂಗಿನ ಸುರುಳಿಯನ್ನು ಬಿಗಿ ಮಾಡುತ್ತದೆ. ಆ ಸ್ಪ್ರಿಂಗು ನಿಧಾನವಾಗಿ ಬಿಚ್ಚಿಕೊಳ್ಳುತ್ತ ಮುಳ್ಳುಗಳನ್ನು ನಡೆಸುತ್ತದೆ. ಕೈಗಡಿಯಾರದಲ್ಲಿ ಈ ಉಪಾಯವನ್ನು ಬಳಕೆಗೆ ತಂದವನು ಜಾನ್ ಹಾರ್‌ವುಡ್ ಎಂಬ ಆಂಗ್ಲ ಗಡಿಯಾರ ರಿಪೇರಿಗಾರ. ಅವನಿಗೆ ಸ್ವಿಟ್ಜರ್ಲೆಂಡಿನ ಪೇಟೆಂಟು ದೊರೆತದ್ದು ೧೯೨೪ರಲ್ಲಿ. ಅವನ ಯಂತ್ರದಲ್ಲಿ ತೂಕವು ಪೂರ್ಣ ಸುತ್ತದೆ, ಎರಡು ತಡೆಗಳ ನಡುವೆ ಅತ್ತಿತ್ತ ಹೊಯ್ದಾಡುತ್ತಿತ್ತು. ಪೂರ್ಣ ಸುತ್ತುವ ರೋಟರನ್ನು ರೋಲೆಕ್ಸ್ ಕಂಪನಿ ೧೯೩೧ರಲ್ಲಿ ತಂದಿತು. ಇಷ್ಟನ್ನು ತಿಳಿದರೆ ಮುಖ್ಯ ಸಂಗತಿ ತಾನೇ ಹೊಳೆಯುತ್ತದೆ: ಈ ವಾಚಿಗೆ ಅನ್ನ ಹಾಕುವುದು ಕಟ್ಟಿಕೊಂಡವನ ಕೈಯ ಚಲನೆ. ಕೈ ನಿಂತರೆ, ಸುಮಾರು ನಲವತ್ತು ಗಂಟೆಗಳಲ್ಲಿ ವಾಚೂ ನಿಲ್ಲುತ್ತದೆ.

ನಮ್ಮ ಮನೆಯಲ್ಲಿ ಆದದ್ದು ಅದೇ.

ನಮ್ಮ ತಾತ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಎಂಬತ್ತರ ದಶಕದಲ್ಲಿ ಬಳ್ಳಾರಿಗೆ ಬಂದು, ತಮ್ಮ ಸಂಬಳದಲ್ಲಿ ಉಳಿಸಿದ ಹಣದಿಂದ ಒಂದು ಎಚ್.ಎಂ.ಟಿ. ಕಾಂಚನ್ ವಾಚನ್ನು ಕೊಂಡರು. ಆ ಕಾಲದಲ್ಲಿ ಕಾಂಚನ್ ಎಂದರೆ ಮದುವೆಯಲ್ಲಿ ಅಳಿಯಂದಿರು ಕೇಳಿ ಪಡೆಯುತ್ತಿದ್ದ ವಾಚು. ಬಂಗಾರದ ಬಣ್ಣ, ವಾರ ತಾರೀಖು ಎರಡೂ ತೋರುವ ಕಿಟಕಿ. ತಾತನಿಗೆ ಅದನ್ನು ಯಾರೂ ಉಡುಗೊರೆ ಕೊಟ್ಟಿರಲಿಲ್ಲ, ತಾವೇ ದುಡಿದು ಕೊಂಡದ್ದು. ಆದುದರಿಂದಲೇ ಅದರ ಮೇಲೆ ಅಷ್ಟು ಮಮತೆ. ಭತ್ತದ ಲಾರಿ ಬಂದ ಹೊತ್ತು, ಅಕ್ಕಿಯ ಲಾರಿ ಹೊರಟ ಹೊತ್ತು, ಕಾಲುವೆಯಲ್ಲಿ ನೀರು ಬಂದ ಹೊತ್ತು, ನಾನು ಹುಟ್ಟಿದ ಹೊತ್ತು ಎಲ್ಲವನ್ನೂ ಆ ವಾಚನ್ನು ನೋಡಿಯೇ ಅವರು ಬರೆದಿಟ್ಟರು.

ಕಳೆದ ವರ್ಷದ ಬೇಸಿಗೆಯಲ್ಲಿ ತಾತನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಎರಡೂ ಬಿದ್ದುಹೋದವು. ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿಯೂ, ಆ ಮೇಲೆ ಇಲ್ಲಿಯೇ ನಮ್ಮ ಬಂಧುಗಳ ಮನೆಯಲ್ಲಿಯೂ ಸೇರಿ ಎರಡು ತಿಂಗಳು ಇರಬೇಕಾಯಿತು. ಅವರ ವಾಚು ನನ್ನ ವಶಕ್ಕೆ ಬಂತು. ಮೂರನೆಯ ದಿನ ನೋಡುತ್ತೇನೆ, ವಾಚು ನಿಂತಿದೆ. ತಾತನನ್ನು ನೋಡಲು ಹೋದಾಗ ಅವರು ತೊದಲುತ್ತ ಕೇಳಿದ ಮೊದಲ ಮಾತೇ, "ನನ್ನ ವಾಚು ನಡಿತೈತೇನಪ್ಪಾ?" ಎಂದು. ನಾನು "ನಡಿತೈತೆ ತಾತಾ" ಎಂದು ಸುಳ್ಳು ಹೇಳಿದೆ. ಆ ಸುಳ್ಳನ್ನು ನಿಜಮಾಡಬೇಕೆಂಬ ಹಟದಿಂದ ಈ ಕಥೆ ಆರಂಭವಾಯಿತು.

ಕುರುಗೋಡಿನಲ್ಲಿ ನನ್ನ ಸೋದರಮಾವ ಇದ್ದಾರೆ. ಶಾಲಾ ಮಾಸ್ತರರು. ಅವರಿಗೆ ವಾಚುಗಳ ಹುಚ್ಚು. ಅವರ ಬಳಿ ಮೂರು ಆಟೋಮ್ಯಾಟಿಕ್ ವಾಚುಗಳಿದ್ದು, ಕಟ್ಟದೆ ಇಟ್ಟ ವಾಚುಗಳು ನಿಲ್ಲಬಾರದೆಂದು ಒಂದು ವೈಂಡರನ್ನು ತರಿಸಿದ್ದರು. ವೈಂಡರ್ ಎಂದರೆ ಮೋಟರು ಅಳವಡಿಸಿದ ಒಂದು ಪೆಟ್ಟಿಗೆ. ಅದರೊಳಗಿನ ದಿಂಬಿಗೆ ವಾಚನ್ನು ಕಟ್ಟಿಟ್ಟರೆ, ಅದು ಸ್ವಲ್ಪ ಹೊತ್ತು ತಿರುಗಿ ಸ್ವಲ್ಪ ಹೊತ್ತು ನಿಂತು, ಹೀಗೆ ದಿನವಿಡೀ ನಡೆಯುತ್ತದೆ. ವಾಚು ನಿಲುವಾಗಿ ಸುತ್ತುತ್ತಿರುವಾಗ, ಒಳಗಿನ ತೂಕ ಮಾತ್ರ ಭೂಮಿಯ ಸೆಳೆತದಿಂದ ಕೆಳಮುಖವಾಗಿಯೇ ಇರುತ್ತದೆ. ವಾಚು ತಿರುಗಿತು, ತೂಕ ತಿರುಗಲಿಲ್ಲ. ಎರಡರ ನಡುವಣ ಈ ವ್ಯತ್ಯಾಸವೇ ಕೀ ಕೊಟ್ಟಂತಾಗುತ್ತದೆ. ಮಾವನವರು ನನ್ನ ಸಂಕಟ ನೋಡಿ, "ಒಂದು ತಿಂಗಳು ನಿನ್ನ ಹತ್ರಾನೇ ಇರಲಿ, ತಗೊಂಡು ಹೋಗು" ಎಂದು ಪೆಟ್ಟಿಗೆಯನ್ನು ಕೊಟ್ಟರು. ಆ ಒಂದು ತಿಂಗಳು ಈಗಲೂ ಮುಗಿದಿಲ್ಲ.

ಪೆಟ್ಟಿಗೆಯ ಮೇಲೆ ಎರಡು ಗುಂಡಿಗಳಿದ್ದವು. ಒಂದು ದಿನಕ್ಕೆ ಎಷ್ಟು ಸುತ್ತು ಎಂಬುದಕ್ಕೆ: ೬೫೦, ೮೫೦, ೧,೦೦೦, ೧,೩೦೦, ೧,೯೫೦. ಇನ್ನೊಂದು ದಿಕ್ಕಿಗೆ: ಬಲಸುತ್ತು, ಎಡಸುತ್ತು, ಎರಡೂ. ನಾನು ಏನು ಮಾಡಿದೆನೆಂದು ಬುದ್ಧಿವಂತ ವಾಚಕರು ಊಹಿಸಿಯೇ ಇದ್ದಾರು. ಹೆಚ್ಚು ಸುತ್ತಿದರೆ ಹೆಚ್ಚು ಒಳ್ಳೆಯದೆಂದು ೧,೯೫೦ಕ್ಕೆ ತಿರುಗಿಸಿದೆ. ಯಾವ ದಿಕ್ಕೆಂಬ ಗೊಡವೆಯೇ ಬೇಡವೆಂದು 'ಎರಡೂ' ಎಂಬುದಕ್ಕೆ ಇಟ್ಟೆ. ಎರಡು ತಿಂಗಳು ಹಗಲೂ ರಾತ್ರಿ ಆ ಪೆಟ್ಟಿಗೆ ನನ್ನ ಓದುವ ಮೇಜಿನ ಮೇಲೆ ಗುಯ್ಗುಟ್ಟಿತು. ವಾಚು ನಡೆಯಿತು. ನನ್ನ ಸುಳ್ಳು ನಿಜವಾಯಿತು. ಆದರೆ ತಾತನನ್ನು ಸಿರುಗುಪ್ಪಕ್ಕೆ ಕರೆದೊಯ್ಯುವ ವಾರದಲ್ಲಿ, ವಾಚನ್ನು ಕಿವಿಯ ಬಳಿ ಅಲುಗಿಸಿದರೆ ಕರಕರ ಎಂಬ ಸದ್ದು ಕೇಳಿಬಂತು. ದಿನಕ್ಕೆ ಐದಾರು ನಿಮಿಷ ಹಿಂದೆಯೂ ಬೀಳತೊಡಗಿತು.

ಬಳ್ಳಾರಿಯ ಬೆಂಗಳೂರು ರಸ್ತೆಯ ಆಸುಪಾಸಿನಲ್ಲಿ ಕಿರಿದಾದ ಒಂದು ರಿಪೇರಿ ಅಂಗಡಿಯಿದೆ. ಅದರ ವೃದ್ಧ ಯಜಮಾನರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ವಾಚಿನ ಹಿಂಬದಿ ಬಿಚ್ಚಿದರು. ನೋಡಿದರು. ನನ್ನನ್ನೂ ನೋಡಿದರು. "ಇದನ್ನ ಏನು ಮಾಡಿದ್ರಿ? ಗಿರಣಿಗೆ ಹಾಕಿದ್ರಾ?" ಎಂದರು. ತೂಕ ತಿರುಗುವ ಅಚ್ಚು ಸವೆದಿತ್ತು. ಸವೆದ ಕಾರಣ ತೂಕ ಓಲಿ, ಅದರ ಅಂಚು ಹಿಂಬದಿಯ ಮುಚ್ಚಳವನ್ನು ಉಜ್ಜುತ್ತಿತ್ತು. ಉಜ್ಜಿದ ಲೋಹದ ಪುಡಿ ಒಳಗೆಲ್ಲ ಸೇರಿತ್ತು. ಎಣ್ಣೆ ಒಣಗಿಹೋಗಿ ವರ್ಷಗಳೇ ಆಗಿದ್ದವು. ಒಣಗಿದ ಯಂತ್ರವನ್ನು ನಾನು ಎರಡು ತಿಂಗಳು ಓಡಿಸಿದ್ದೆ.

ಆ ರಾತ್ರಿ ನಾನು ಲೆಕ್ಕ ಹಾಕಿದೆ. ದಿನಕ್ಕೆ ೧,೯೫೦ರಂತೆ ಅರವತ್ತು ದಿನಕ್ಕೆ ೧,೧೭,೦೦೦ ಸುತ್ತು. ಸಾಮಾನ್ಯವಾಗಿ ಆಟೋಮ್ಯಾಟಿಕ್ ವಾಚುಗಳಿಗೆ ದಿನಕ್ಕೆ ೬೫೦ರಿಂದ ೮೦೦ ಸುತ್ತು ಸಾಕೆಂದು ಹೇಳುತ್ತಾರೆ. ೬೫೦ರ ಲೆಕ್ಕದಲ್ಲಿ ಅರವತ್ತು ದಿನಕ್ಕೆ ೩೯,೦೦೦. ಬೇಕಾದದ್ದರ ಮೂರು ಪಾಲು ನಾನು ತಿರುಗಿಸಿದ್ದೆ. ಅಲ್ಲದೆ, ಯಜಮಾನರು ತೋರಿಸಿದಂತೆ ಆ ವಾಚಿನ ರೋಟರು ಒಂದೇ ದಿಕ್ಕಿನಲ್ಲಿ ತಿರುಗಿದಾಗ ಮಾತ್ರ ಸ್ಪ್ರಿಂಗನ್ನು ಬಿಗಿಯುತ್ತದೆ. ಇನ್ನೊಂದು ದಿಕ್ಕಿನಲ್ಲಿ ಸುಮ್ಮನೆ ಗಿರಕಿ ಹೊಡೆಯುತ್ತದೆ. ಅಂದರೆ ನನ್ನ ೧,೧೭,೦೦೦ ಸುತ್ತುಗಳಲ್ಲಿ ಅರ್ಧ, ಎಂದರೆ ೫೮,೫೦೦ ಸುತ್ತು, ಯಾವ ಪ್ರಯೋಜನವೂ ಇಲ್ಲದ ಬರೀ ಸವೆತ!

"ಹೆಚ್ಚು ಕೀ ಕೊಟ್ಟರೆ ಸ್ಪ್ರಿಂಗು ಹರಿಯುವುದಿಲ್ಲವೇ?" ಎಂದು ಕೆಲವರು ಕೇಳಬಹುದು. ಆಟೋಮ್ಯಾಟಿಕ್ ವಾಚಿನಲ್ಲಿ ಹರಿಯುವುದಿಲ್ಲ. ಅದರ ಸ್ಪ್ರಿಂಗಿನ ಹೊರ ತುದಿಯನ್ನು ಡಬ್ಬಿಯ ಗೋಡೆಗೆ ಗಟ್ಟಿಯಾಗಿ ಸಿಕ್ಕಿಸಿರುವುದಿಲ್ಲ. ಪೂರ್ಣ ಬಿಗಿದ ಮೇಲೆ ಆ ತುದಿ ಗೋಡೆಯನ್ನು ಸವರಿಕೊಂಡು ಜಾರುತ್ತದೆ. ನಮ್ಮ ಊರಿನ ಭಾಷೆಯಲ್ಲಿ ಹೇಳುವುದಾದರೆ, ಕೆರೆಗೆ ಕೋಡಿ ಇದ್ದಂತೆ. ಕೆರೆ ತುಂಬಿದ ಮೇಲೆ ಬಂದ ನೀರು ಕೋಡಿಯ ಮೇಲೆ ಹರಿದುಹೋಗುತ್ತದೆ, ಏರಿ ಒಡೆಯುವುದಿಲ್ಲ. ಆದರೆ ವರ್ಷವಿಡೀ ಕೋಡಿ ಹರಿಯುತ್ತಲೇ ಇದ್ದರೆ ಕೋಡಿಯ ಕಲ್ಲು ಸವೆಯದೆ ಇದ್ದೀತೇ? ಪೆಟ್ಟಿಗೆ ಮಾರುವವರು, "ಕೋಡಿ ಇದೆ, ಹೆದರಬೇಡಿ" ಎಂದು ಅರ್ಧ ಸತ್ಯವನ್ನು ಮಾತ್ರ ಹೇಳುತ್ತಾರೆ. ಉಳಿದ ಅರ್ಧ ಸತ್ಯವೆಂದರೆ ಸವೆತ.

ಈ ಸವೆತದ ಮಾತು ನಮ್ಮ ನಾಡಿನವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆ ಬೆಂಗಳೂರಿನಲ್ಲಿ ಸ್ಥಾಪಿತವಾದದ್ದು ೧೯೫೩ರಲ್ಲಿ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳು ಮದರಾಸು ಪ್ರಾಂತ್ಯದಿಂದ ಬಿಡುಗಡೆಗೊಂಡು ಮೈಸೂರು ರಾಜ್ಯವನ್ನು ಸೇರಿದ್ದೂ ಅದೇ ೧೯೫೩ರ ಅಕ್ಟೋಬರ್ ೧ರಂದು. ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಎಚ್.ಎಂ.ಟಿ.ಯ ವಾಚು ಕಾರ್ಖಾನೆ ೧೯೬೧ರಲ್ಲಿ ಆರಂಭವಾಯಿತು. ಮುಂದೆ ತುಮಕೂರಿನಲ್ಲಿಯೂ ಕಾರ್ಖಾನೆ ಬಂತು. ಜನತಾ, ಪೈಲಟ್, ಕಾಂಚನ್ ಎಂಬ ಹೆಸರುಗಳು ಮನೆಮಾತಾದವು. ಬಂದ ಕ್ವಾರ್ಟ್ಜ್ ಪ್ರವಾಹದಲ್ಲಿ ಆ ಸಂಸ್ಥೆ ನಷ್ಟಕ್ಕೆ ಸಿಕ್ಕಿ, ೨೦೧೬ರ ಜನವರಿಯಲ್ಲಿ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಮಂತ್ರಿಮಂಡಲ ಒಪ್ಪಿಗೆ ಕೊಟ್ಟಿತು. ಇದರ ಅರ್ಥವೇನು? ತಾತನ ವಾಚಿನಲ್ಲಿ ಇಂದು ಒಂದು ಅಚ್ಚು ಸವೆದರೆ, ಹೊಸ ಅಚ್ಚಿಗೆ ಕಾರ್ಖಾನೆಗೆ ಕಾಗದ ಬರೆಯುವಂತಿಲ್ಲ. ರಿಪೇರಿಯವರು ತಮ್ಮ ಹಳೆಯ ಡಬ್ಬಿಗಳನ್ನು ಹುಡುಕಬೇಕು, ಇಲ್ಲವೇ ಸತ್ತ ವಾಚಿನಿಂದ ಬಿಚ್ಚಿ ಹಾಕಬೇಕು. ನಮ್ಮ ವಾಚಿಗೆ ಆದದ್ದೂ ಅದೇ ಉಪಚಾರ. ಹಾಗಿರುವಾಗ ಪ್ರತಿಯೊಂದು ನಿಷ್ಪ್ರಯೋಜಕ ಸುತ್ತೂ ದುಂದುವೆಚ್ಚವಲ್ಲವೇ?

ವಾಚು ಸ್ವಚ್ಛವಾಗಿ, ಎಣ್ಣೆ ಕಂಡು ಮರಳಿ ಬಂತು. ಯಜಮಾನರು ಕೊಡುವಾಗ ಒಂದು ಸಲಹೆ ಹೇಳಿದರು: "ಪೆಟ್ಟಿಗೆ ಯಾಕ್ರಿ? ಬಲಗೈಗೆ ಕಟ್ಟಿ, ಮುಗೀತು." ನನಗೆ ನಾಚಿಕೆಯಾಯಿತು. ಇಷ್ಟು ಸುಲಭದ ಪರಿಹಾರ ನನಗೆ ಹೊಳೆದೇ ಇರಲಿಲ್ಲ. ಸಿರುಗುಪ್ಪಕ್ಕೆ ಹೋದವನೇ ತಾತನ ಬಲಗೈಗೆ ಕಟ್ಟಲು ಹೋದೆ. ಅವರು ಕೈ ಹಿಂದೆಳೆದುಕೊಂಡರು. "ಎಡಗೈ ಇನ್ನಾ ಐತಪ್ಪಾ" ಎಂದರು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಅವರು ಹೇಳಿದಂಗೇ ಕಟ್ಟು" ಎಂದರು. ನಾನು ಎಡಗೈಗೇ ಕಟ್ಟಿದೆ. ಆಡದ ಕೈಯ ಮೇಲೆ ಆ ವಾಚು ಎರಡು ದಿನಕ್ಕೆ ನಿಂತಿತು. ಒಂದೇ ಕೈಯಿಂದ ತಿರುಪು ಎಳೆದು ವಾರ, ತಾರೀಖು, ಹೊತ್ತು ಸರಿಮಾಡುವುದು ಅವರಿಂದ ಆಗದು. ಅಜ್ಜಿಗೆ ಆ ಸಣ್ಣ ತಿರುಪು ಕಣ್ಣಿಗೇ ಕಾಣದು. ಹೀಗೆ, ಹಗಲು ತಾತನ ಕೈಯಲ್ಲಿ, ರಾತ್ರಿ ಪೆಟ್ಟಿಗೆಯಲ್ಲಿ ಎಂಬ ಏರ್ಪಾಡಿಗೆ ಬರಬೇಕಾಯಿತು. ರಾತ್ರಿ ಒಂಬತ್ತಕ್ಕೆ ಅಜ್ಜಿ ಬಿಚ್ಚಿ ಪೆಟ್ಟಿಗೆಗೆ ಇಡುವುದು, ಬೆಳಿಗ್ಗೆ ಆರಕ್ಕೆ ತೆಗೆದು ಕಟ್ಟುವುದು.

ಈ ಸಲ ನಾನು ಗುಂಡಿ ತಿರುಗಿಸುವ ಮೊದಲು ಯೋಚಿಸಿದೆ. ನಾನು ಅನುಸರಿಸಿದ ಕ್ರಮವನ್ನು ಇಲ್ಲಿ ಹೇಳುವುದರಿಂದ, ಮನೆಯಲ್ಲಿ ಇಂತಹ ವಾಚು ಉಳ್ಳವರಿಗೆ ಉಪಕಾರವಾಗಬಹುದು.

ಮೊದಲನೆಯದು ದಿಕ್ಕು. ಕೆಲವು ವಾಚುಗಳ ರೋಟರು ಯಾವ ಕಡೆಗೆ ತಿರುಗಿದರೂ ಕೀ ಏರುತ್ತದೆ. ಕೆಲವಕ್ಕೆ ಒಂದೇ ಕಡೆ. ಬಲವೋ ಎಡವೋ ಎಂದು ವಾದಿಸುತ್ತ ಕುಳಿತರೆ ಮುಗಿಯದು. ಮುಖದ ಕಡೆಯಿಂದ ಬಲಸುತ್ತು ಎನಿಸಿದ್ದು ಹಿಂಬದಿಯಿಂದ ಎಡಸುತ್ತಾಗಿ ಕಾಣುತ್ತದೆ. ಆದುದರಿಂದ ಪರೀಕ್ಷೆಯೇ ಉತ್ತಮ. ವಾಚು ತಾನಾಗಿ ಪೂರ್ತಿ ನಿಲ್ಲುವ ತನಕ ಬಿಡಬೇಕು. ನಿಂತ ವಾಚನ್ನು ಪೆಟ್ಟಿಗೆಯಲ್ಲಿಟ್ಟು ಒಂದು ರಾತ್ರಿ ಬಲಸುತ್ತಿಗೆ ಬಿಡಬೇಕು. ಬೆಳಿಗ್ಗೆ ನಡೆಯುತ್ತಿದ್ದರೆ ಆ ದಿಕ್ಕು ಅದಕ್ಕೆ ಸಲ್ಲುತ್ತದೆ. ಮತ್ತೆ ನಿಲ್ಲಗೊಟ್ಟು ಇನ್ನೊಂದು ರಾತ್ರಿ ಎಡಸುತ್ತಿಗೆ ಬಿಡಬೇಕು. ಎರಡರಲ್ಲಿಯೂ ನಡೆದರೆ ಅದು ಉಭಯ ದಿಕ್ಕಿನದು. ಒಂದರಲ್ಲಿ ಮಾತ್ರ ನಡೆದರೆ ಆ ಒಂದನ್ನೇ ಇಡತಕ್ಕದ್ದು. ಒಂದೇ ದಿಕ್ಕಿನ ವಾಚನ್ನು 'ಎರಡೂ' ಎಂಬುದಕ್ಕೆ ಇಟ್ಟರೆ ೮೦೦ ಸುತ್ತಿನಲ್ಲಿ ಅದಕ್ಕೆ ದಕ್ಕುವುದು ೪೦೦ ಮಾತ್ರ.

ಎರಡನೆಯದು ಸುತ್ತಿನ ಸಂಖ್ಯೆ. ಪೆಟ್ಟಿಗೆ ಇರುವುದು ತುಂಬಿದ ಕೆರೆಯನ್ನು ತುಂಬಿದಂತೆಯೇ ಇಡುವುದಕ್ಕೆ. ಬತ್ತಿದ ಕೆರೆಯನ್ನು ತುಂಬಿಸುವುದು ಅದರ ಕೆಲಸವಲ್ಲ. ಆದುದರಿಂದ ತಿರುಪಿನಿಂದ ಕೀ ಕೊಡಲು ಬರುವ ವಾಚಾದರೆ ಇಪ್ಪತ್ತು ಮೂವತ್ತು ಸುತ್ತು ಕೀ ಕೊಟ್ಟು ಆ ಮೇಲೆ ಪೆಟ್ಟಿಗೆಗೆ ಇಡಬೇಕು. ಸೈಕೋ ಕಂಪನಿಯ ೭ಎಸ್೨೬ರಂತಹ ಯಂತ್ರಗಳಿಗೆ ತಿರುಪಿನ ಕೀ ಇಲ್ಲ. ಅವನ್ನು ಮೆಲ್ಲಗೆ ಅತ್ತಿತ್ತ ಆಡಿಸಿ ಹೊರಡಿಸಬೇಕು. ಮೊದಲು ಅತ್ಯಂತ ಕಡಿಮೆ ಸಂಖ್ಯೆಯನ್ನೇ ಇಟ್ಟು ನೋಡಬೇಕು. ಒಂದು ದಿನ ನಡೆಯಿತೆಂದು ಹಿಗ್ಗಬಾರದು. ಪೂರ್ಣ ಕೀ ಇರುವ ವಾಚು ಪೆಟ್ಟಿಗೆಯ ಹಂಗಿಲ್ಲದೆಯೇ ನಲವತ್ತು ಗಂಟೆ ನಡೆಯುತ್ತದಲ್ಲವೇ? ಮೂರು ನಾಲ್ಕು ದಿನ ನೋಡಿ, ನಿಂತರೆ ಒಂದು ಮೆಟ್ಟಲು ಏರಿಸಬೇಕು. ನಿಲ್ಲದಿದ್ದರೆ ಅಲ್ಲಿಯೇ ಬಿಡಬೇಕು. ವಾಚು ನಿಲ್ಲದಿರುವ ಅತ್ಯಂತ ಕಡಿಮೆ ಸುತ್ತೇ ಸರಿಯಾದ ಸುತ್ತು. ಇದೇ ಈ ಲೇಖನದ ಮೂಲಮಂತ್ರ.

ಇಲ್ಲಿಯೂ ನಾನು ಒಮ್ಮೆ ಎಡವಿದೆ. ಸರಿಯಾದ ದಿಕ್ಕಿಗೆ ೬೫೦ ಇಟ್ಟರೂ ತಾತನ ವಾಚು ನಾಲ್ಕನೆಯ ದಿನ ನಿಂತಿತು. ಪೆಟ್ಟಿಗೆಯ ಮುಂದೆ ಗಡಿಯಾರ ಹಿಡಿದು ಕುಳಿತು ಎಣಿಸಿದಾಗ ಕಾರಣ ತಿಳಿಯಿತು. ದಿನಕ್ಕೆ ೬೫೦ ಎಂದರೆ ಅದು ಇಪ್ಪತ್ತನಾಲ್ಕು ಗಂಟೆಗಳಿಗೆ ಹಂಚಿದ ಲೆಕ್ಕ. ನಮ್ಮ ವಾಚು ಪೆಟ್ಟಿಗೆಯಲ್ಲಿರುವುದು ರಾತ್ರಿಯ ಒಂಬತ್ತು ಗಂಟೆ ಮಾತ್ರ. ಆಗ ಅದಕ್ಕೆ ಸಿಗುವುದು ಸುಮಾರು ೨೪೪ ಸುತ್ತು. ೧,೩೦೦ಕ್ಕೆ ಏರಿಸಿದೆ. ಒಂಬತ್ತು ಗಂಟೆಗೆ ಸುಮಾರು ೪೮೭ ಸುತ್ತು ಸಿಕ್ಕಿತು. ಉಳಿದ ಅಲ್ಪಸ್ವಲ್ಪವನ್ನು ಹಗಲಿನಲ್ಲಿ ತಾತನನ್ನು ಎಬ್ಬಿಸುವುದು, ಕೂರಿಸುವುದು, ಮಲಗಿಸುವುದು ಇವೇ ಒದಗಿಸಿದವು. ವಾಚು ನಿಲ್ಲಲಿಲ್ಲ. ನೋಡಿ, ೧,೩೦೦ ಎಂಬ ಅದೇ ಸಂಖ್ಯೆ ಹಗಲಿರುಳು ಇಟ್ಟ ವಾಚಿಗೆ ಅತಿಯಾಗುತ್ತದೆ, ರಾತ್ರಿ ಮಾತ್ರ ಇಟ್ಟ ವಾಚಿಗೆ ಹದವಾಗುತ್ತದೆ. ಗುಂಡಿಯ ಮೇಲಿನ ಅಂಕಿಯನ್ನು ನೋಡಿ ಸರಿ ತಪ್ಪು ಹೇಳಲಾಗದು. ಆ ವಾಚಿನ ದಿನಚರಿಯನ್ನು ನೋಡಿ ಹೇಳಬೇಕು.

ಸಣ್ಣಪುಟ್ಟ ಎಚ್ಚರಿಕೆಗಳೂ ಕೆಲವುಂಟು. ಕರೆಂಟು ಹೋಗಿ ಬಂದ ಮೇಲೆ ಕೆಲವು ಪೆಟ್ಟಿಗೆಗಳು ನಾವಿಟ್ಟ ಅಂಕಿಯನ್ನು ಮರೆತು ತಮ್ಮ ಮೊದಲಿನ ಅಂಕಿಗೆ ಹೋಗುತ್ತವೆ, ನೋಡಿಕೊಳ್ಳಬೇಕು. ಅಗ್ಗದ ಪೆಟ್ಟಿಗೆಯ ಮೋಟರಿನ ಅಯಸ್ಕಾಂತ ವಾಚಿಗೆ ತಾಗಿದರೆ, ವಾಚು ಇದ್ದಕ್ಕಿದ್ದಂತೆ ಮುಂದೆ ಓಡತೊಡಗುವುದುಂಟು. ನಮ್ಮ ಬಳ್ಳಾರಿಯ ಬಿಸಿಲಿನಲ್ಲಿ ಪೆಟ್ಟಿಗೆಯನ್ನು ಕಿಟಕಿಯ ಬಳಿ ಇಡಕೂಡದು, ಧೂಳಿನಲ್ಲಿ ಮುಚ್ಚಳ ತೆರೆದಿಡಕೂಡದು. ನಿಂತ ವಾಚಿಗೆ ತಾರೀಖು ಸರಿಮಾಡುವಾಗ, ಮುಳ್ಳುಗಳು ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರ ನಡುವೆ ಇರುವಾಗ ಮಾಡದಿರುವುದು ಕ್ಷೇಮ. ಆ ಹೊತ್ತಿನಲ್ಲಿ ತಾರೀಖು ಬದಲಿಸುವ ಹಲ್ಲು ತೊಡಗಿಕೊಂಡಿರುತ್ತದೆ.

ಹಾಗಾದರೆ ಆಟೋಮ್ಯಾಟಿಕ್ ವಾಚು ಉಳ್ಳವರೆಲ್ಲ ಪೆಟ್ಟಿಗೆ ಕೊಳ್ಳಬೇಕೇ? ಖಂಡಿತ ಬೇಡವೆಂಬುದೇ ನನ್ನ ಅಭಿಪ್ರಾಯ. ಒಂದೇ ವಾಚು ಇದ್ದು, ನಿತ್ಯ ಕಟ್ಟಿಕೊಳ್ಳುವವನಿಗೆ ಅವನ ಕೈಯೇ ಪೆಟ್ಟಿಗೆ. ಹಲವು ವಾಚುಗಳಿದ್ದು ಸರದಿಯ ಮೇಲೆ ಕಟ್ಟುವವರು, ಉಳಿದವು ನಿಂತರೆ ಹಾಳಾಗುತ್ತವೆಂದು ಹೆದರುವುದುಂಟು. ಹಿಂದಿನ ಕಾಲದ ಎಣ್ಣೆಗಳು ನಿಂತಲ್ಲಿ ಗಟ್ಟಿಯಾಗುತ್ತಿದ್ದುದರಿಂದ ಹುಟ್ಟಿದ ಹೆದರಿಕೆಯದು. ಇಂದಿನ ಎಣ್ಣೆಗಳಿಗೆ ಆ ದೋಷ ಅಷ್ಟಾಗಿ ಇಲ್ಲ. ಇದನ್ನು ಮಾವನವರಿಗೆ ಹೇಳಿದಾಗ ಅವರು ಮೊದಲು ಒಪ್ಪಲಿಲ್ಲ. ಅವರ ಮೂರು ವಾಚುಗಳಲ್ಲಿ ಒಂದು ಉಭಯ ದಿಕ್ಕಿನದು, ಎರಡು ಒಂದೇ ದಿಕ್ಕಿನವು. ಮೂರನ್ನೂ ಒಂದೇ ಅಂಕಿಯ ಮೇಲೆ ಸರದಿಯಂತೆ ತಿರುಗಿಸುತ್ತಿದ್ದರು. ನಾವಿಬ್ಬರೂ ಒಂದು ಸಂಜೆ ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಯಲ್ಲಿ ಕುಳಿತಿದ್ದೆವು. ಒಂದೇ ಕಲ್ಲಿನಲ್ಲಿ ಕಡೆದ ಆ ಮಹಾಬಸವನನ್ನು ತೋರಿಸಿ ನಾನೆಂದೆ, "ಮಾವ, ಬಸವಣ್ಣ ಇಷ್ಟು ಶತಮಾನದಿಂದ ಕದಲದೆ ಕುಂತಾನೆ, ಏನಾದ್ರೂ ಕೆಟ್ಟಾನಾ? ನಿಮ್ಮ ವಾಚೂ ನಾಲ್ಕು ದಿನ ಕುಂತ್ಕೊಳ್ಳಲಿ ಬಿಡ್ರಿ." ಮಾವನವರು ನಕ್ಕರು. ಅಂದಿನಿಂದ ಅವರ ಎರಡು ವಾಚುಗಳು ಪೆಟಾರಿಯಲ್ಲಿ ಸುಖವಾಗಿ ನಿಂತಿವೆ. ಕಟ್ಟಬೇಕೆನಿಸಿದ ದಿನ ಹೊತ್ತು ಸರಿಮಾಡಿ ಕಟ್ಟುತ್ತಾರೆ. ಅದಕ್ಕೆ ಬೇಕಾದದ್ದು ಎರಡು ನಿಮಿಷ.

ಇಲ್ಲಿ ಪ್ರತಿವಾದಿಗಳು ಏಳಬಹುದು. "ನಿನ್ನ ತಾತನಿಗೆ ಐನೂರು ರೂಪಾಯಿಯ ಬ್ಯಾಟರಿ ವಾಚು ಕಟ್ಟಿದ್ದರೆ ಈ ಪುರಾಣವೇ ಬೇಕಿರಲಿಲ್ಲ" ಎನ್ನಬಹುದು. ಹೊತ್ತು ತಿಳಿಯುವುದೇ ಗುರಿಯಾಗಿದ್ದರೆ ಆ ಮಾತು ಒಪ್ಪತಕ್ಕದ್ದೇ. ನನ್ನ ಚಿಕ್ಕಪ್ಪ ಅಂತಹ ಒಂದು ವಾಚನ್ನು ತಂದೂ ಕೊಟ್ಟರು. ತಾತ ಅದನ್ನು ಅಜ್ಜಿಯ ಅಡಿಗೆ ಮನೆಯ ಮೊಳೆಗೆ ತೂಗುಹಾಕಿಸಿದರು. ಅವರಿಗೆ ಬೇಕಾಗಿದ್ದುದು ಹೊತ್ತು ಮಾತ್ರವಲ್ಲ. ತಮ್ಮ ಕೈಯಿಂದ ನಡೆಯುವ ಒಂದು ವಸ್ತು ಬೇಕಾಗಿತ್ತು.

ಈ ಮಾತಿನ ಅರ್ಥ ನನಗೆ ಆದದ್ದು ನಾಲ್ಕು ತಿಂಗಳು ಕಳೆದ ಮೇಲೆ. ತಾತನ ಎಡಗೈಗೆ ಬೆಳಿಗ್ಗೆ ಸಂಜೆ ವ್ಯಾಯಾಮ ಮಾಡಿಸಬೇಕೆಂದು ವೈದ್ಯರು ಹೇಳಿದ್ದರು. ಅಜ್ಜಿ ಆ ಕೈಯನ್ನು ಹಿಡಿದು ಎತ್ತುವುದು, ಇಳಿಸುವುದು, ಮಡಿಸುವುದು, ಚಾಚುವುದು ಮಾಡಿಸುತ್ತಿದ್ದರು. ಮೊದಮೊದಲು ತಾತ ಬೇಸರಪಡುತ್ತಿದ್ದರು. ಒಂದು ದಿನ ಅಜ್ಜಿ, "ವಾಚು ಕಟ್ಕೊಂಡೇ ಮಾಡ್ರಿ, ಅದಕ್ಕೂ ಹೊಟ್ಟೆ ತುಂಬತೈತೆ" ಎಂದರಂತೆ. ಅಂದಿನಿಂದ ವಾಚು ಕಟ್ಟಿಕೊಂಡೇ ವ್ಯಾಯಾಮ. ನಾನು ರಜೆಗೆ ಹೋದಾಗ ಪರೀಕ್ಷಾರ್ಥವಾಗಿ ಪೆಟ್ಟಿಗೆಯನ್ನು ೧,೦೦೦ಕ್ಕೆ ಇಳಿಸಿದೆ. ವಾಚು ನಿಲ್ಲಲಿಲ್ಲ. ಮುಂದಿನ ತಿಂಗಳು ೮೫೦, ಆ ಮೇಲೆ ೬೫೦. ಆಗಲೂ ನಿಲ್ಲಲಿಲ್ಲ. ಪೆಟ್ಟಿಗೆ ಕಡಿಮೆ ಮಾಡಿದ್ದನ್ನು ಯಾರೋ ತುಂಬಿಕೊಡುತ್ತಿದ್ದರಷ್ಟೆ? ಅದು ತಾತನ ಕೈ. ಮೊದಲು ಅಜ್ಜಿ ಆಡಿಸುತ್ತಿದ್ದ ಕೈ, ಈಗ ಮೊಣಕೈಯವರೆಗೆ ತಾನೇ ಸ್ವಲ್ಪ ಆಡುತ್ತಿತ್ತು.

ಇದನ್ನು ಪವಾಡವೆಂದು ಯಾರೂ ತಿಳಿಯಬಾರದು. ಕೈಗೆ ಬಲ ಬಂದದ್ದು ವೈದ್ಯರ ಔಷಧದಿಂದ, ಅಜ್ಜಿಯ ಶ್ರಮದಿಂದ. ವಾಚು ಬರೀ ಸಾಕ್ಷಿ. ಬೆರಳುಗಳು ಇನ್ನೂ ಬಿಗಿದೇ ಇವೆ, ತಿರುಪು ಹಿಡಿಯುವ ಶಕ್ತಿ ಬಂದಿಲ್ಲ, ಬರುವುದೋ ಇಲ್ಲವೋ ಹೇಳಲಾರೆ. ಆದರೆ ಒಂದು ಮಾತು ಸತ್ಯ. ನಾನು ಮೊದಲಿನಂತೆ ೧,೯೫೦ರಲ್ಲಿಯೇ ಇಟ್ಟಿದ್ದರೆ ವಾಚೇನೋ ನಡೆಯುತ್ತಿತ್ತು, ತಾತನ ಕೈ ಎಷ್ಟು ಕೊಟ್ಟಿತೆಂಬುದು ಮಾತ್ರ ಯಾರಿಗೂ ತಿಳಿಯುತ್ತಿರಲಿಲ್ಲ. ಎಲ್ಲವನ್ನೂ ಪೆಟ್ಟಿಗೆಯೇ ಕೊಟ್ಟುಬಿಟ್ಟಿದ್ದರೆ ಕೈ ಕೊಡುವುದಕ್ಕೆ ಉಳಿಯುತ್ತಿದ್ದುದಾದರೂ ಏನು?

ನನ್ನ ಅಭಿಪ್ರಾಯ ಇಷ್ಟೆ. ಯಂತ್ರ ಬೇಡವೆನ್ನುವವನು ನಾನಲ್ಲ. ಕೈಲಾಗದವನಿಗೆ ಯಂತ್ರ ದೊಡ್ಡ ಆಸರೆ, ನಮ್ಮ ಮನೆಯಲ್ಲಿಯೇ ಅದನ್ನು ಕಂಡಿದ್ದೇನೆ. ಆದರೆ ಕೈಗೆ ಎಷ್ಟು ಕಡಿಮೆಯಾಯಿತೋ ಅಷ್ಟನ್ನು ಮಾತ್ರ ಯಂತ್ರ ತುಂಬಬೇಕು, ಕೈ ಚೇತರಿಸಿದಂತೆ ಯಂತ್ರ ಹಿಂದೆ ಸರಿಯಬೇಕು. ತುಂಗಭದ್ರೆಯ ಕಾಲುವೆ ನೀರಿನ ಮೇಲೆ ಬದುಕುವ ಸಿರುಗುಪ್ಪದ ರೈತನಿಗೆ ಇದನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಮಳೆ ಬಂದ ವಾರ ಅವನು ಗದ್ದೆಯ ತೂಬನ್ನು ಮುಚ್ಚುತ್ತಾನೆ. ನೀರು ಸಿಗುತ್ತದೆಂದು ತೆರೆದೇ ಇಟ್ಟವನ ಪೈರು ಕೊಳೆಯುತ್ತದೆ, ಕೆಳಗಿನವನ ಪೈರು ಒಣಗುತ್ತದೆ. ಗೈಡುಗಳನ್ನೂ ಸಿದ್ಧ ಉತ್ತರಗಳನ್ನೂ ಹಗಲಿರುಳು ೧,೯೫೦ಕ್ಕೆ ಇಟ್ಟುಕೊಂಡಿರುವ ನಮ್ಮ ವಿದ್ಯಾರ್ಥಿ ಮಿತ್ರರು, ನನ್ನನ್ನೂ ಸೇರಿಸಿಕೊಂಡು, ಇದರಿಂದ ಏನಾದರೂ ಗ್ರಹಿಸಿದರೆ ಸಂತೋಷ.

ಮೊನ್ನೆ ದೀಪಾವಳಿಗೆ ಸಿರುಗುಪ್ಪಕ್ಕೆ ಹೋಗಿದ್ದೆ. ಪೆಟ್ಟಿಗೆ ಈಗ ದಿನ ಬಿಟ್ಟು ದಿನ ಮಾತ್ರ ತಿರುಗುತ್ತದೆ. ನಾನು ಹೊರಡುವಾಗ ತಾತ ಬಲಗೈಯಿಂದ ಎಡಗೈಯನ್ನು ಎತ್ತಿ ಹಿಡಿದು ಮುಖದ ಹತ್ತಿರ ತಂದುಕೊಂಡು, ವಾಚು ನೋ��ಿ, "ನಾಲ್ಕೂ ಹತ್ತು. ಬಸ್ಸಿಗೆ ಇನ್ನಾ ಹೊತ್ತೈತೆ, ಕುಂತ್ಕೋ" ಎಂದರು. ನನ್ನ ಮೊಬೈಲಿನಲ್ಲಿ ನಾಲ್ಕು ಹನ್ನೆರಡು ಆಗಿತ್ತು. ನಾನು ಕುಳಿತೆ.